ನಿಧಿಯೂ ನಿಕ್ಷೇಪವೂ

ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ‘ನಿಧಿ’ ಎಂಬ ಮಾತನ್ನು ಎಚ್ಚರದಿಂದ ಆಡಬೇಕು. ಮೂವತ್ತು ವರ್ಷ ಹುಡುಗರಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಮಾತಿನ ತೂಕ ಗೊತ್ತಿದೆಯೆಂಬ ಸಣ್ಣದೊಂದು ಅಹಂಕಾರವಿತ್ತು. ಹೋದ ಮಾಗಿಯಲ್ಲಿ, ಕುರುಗೋಡಿನ ಬೆಟ್ಟದ ಬುಡದಲ್ಲಿ, ಒಬ್ಬ ಕುರಿಗಾಹಿಯ ಎದುರಿಗೆ ಅದು ಕರಗಿಹೋಯಿತು. ಆ ಪ್ರಸಂಗವನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವ ಮೊದಲು ಅದಕ್ಕೆ ಕಾರಣವಾದ ಆಟದ ವಿಚಾರವನ್ನು ಹೇಳಬೇಕು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ರಜೆಗೆಂದು ಬಂದವನ ಚೀಲದಲ್ಲಿ ನೀರು ನುಗ್ಗದಂತೆ ಬಿಗಿಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯಿತ್ತು. ಒಳಗೆ ಸಣ್ಣದೊಂದು ನೋಟುಪುಸ್ತಕ, ಪೆನ್ಸಿಲು, ನಾಲ್ಕು ಗೋಲಿ, ಒಂದು ಬುಗುರಿ. “ಮಾಮ, ಇದನ್ನು ನಿಮ್ಮ ಸೀಮೆಯಲ್ಲಿ ಬಚ್ಚಿಡಬೇಕು, ಒಳ್ಳೆಯ ಜಾಗ ತೋರಿಸಿ” ಎಂದ. ಬಚ್ಚಿಡುವುದು ಯಾರಿಂದ ಎಂದು ಕೇಳಿದೆ. “ಯಾರಿಂದಲೂ ಅಲ್ಲ. ಬಚ್ಚಿಟ್ಟು, ಎಲ್ಲಿದೆಯೆಂದು ಲೋಕಕ್ಕೆಲ್ಲ ಹೇಳುವುದು” ಎಂದು ನಕ್ಕ. ಜಿಯೋಕ್ಯಾಶಿಂಗ್ ಎಂಬ ಹವ್ಯಾಸದ ಹೆಸರನ್ನು ನಾನು ಕೇಳಿದ್ದು ಅಂದೇ.

ಈ ಆಟಕ್ಕೆ ಹುಟ್ಟಿದ ದಿನವುಂಟು. ಆಕಾಶದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೈನ್ಯದವು. ಜನಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸಿ, ನೂರು ಮೀಟರಿನ ಆಸುಪಾಸಿಗಿಂತ ನಿಖರವಾಗಿ ಸ್ಥಳ ತಿಳಿಯದಂತೆ ಮಾಡಿದ್ದರು. 2000ನೆಯ ಇಸವಿಯ ಮೇ ತಿಂಗಳ ಮೊದಲಲ್ಲಿ ಆ ಬೆರಕೆಯನ್ನು ತೆಗೆದುಹಾಕಿದರು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರಿಗನ್ ಸಂಸ್ಥಾನದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಅದರಲ್ಲಿ ಪುಸ್ತಕಗಳು, ಒಂದು ಕವಣೆ, ಒಂದು ಡಬ್ಬಿ ಹುರುಳಿಕಾಯಿಯ ಬೇಳೆ, ಬಂದವರು ಹೆಸರು ಬರೆಯಲು ಒಂದು ಪುಸ್ತಕ ಇದ್ದವು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ ಎಂಬುದು ಆತನ ಕಟ್ಟಳೆ. ಮೈಕ್ ಟೀಗ್ ಎಂಬಾತ ಕೆಲವೇ ದಿನಗಳಲ್ಲಿ ಅದನ್ನು ಹುಡುಕಿದ. ಇಂದು ಜಗತ್ತಿನಲ್ಲಿ ಇಂತಹ ಅಡಗುತಾಣಗಳು ಮೂವತ್ತು ಲಕ್ಷಕ್ಕೂ ಮಿಕ್ಕಿವೆ. ನಮ್ಮ ದೇಶದಲ್ಲಿ ಮಾತ್ರ ಇನ್ನೂ ವಿರಳ.

ಸೋಜಿಗದ ಸಂಗತಿಯೊಂದುಂಟು. ಆ ಮೊದಲ ಬಕೆಟ್ಟನ್ನು ಇಂದು ಯಾರಾದರೂ ಇಡಹೋದರೆ ಆಟದವರೇ ಒಪ್ಪಲಾರರು. ನೆಲವನ್ನು ಅಗೆಯಬಾರದು, ತಿನ್ನುವ ಪದಾರ್ಥ ಇಡಬಾರದು ಎಂಬುವು ಈಗ ನಿಯಮಗಳು. ತಿಂಡಿಯ ವಾಸನೆಗೆ ಇಲಿ ಇರುವೆಗಳು ಬಂದು ಡಬ್ಬಿಯನ್ನೇ ಕೆಡಿಸುತ್ತವೆ. ಅಗೆತವಂತೂ ಒಮ್ಮೆ ಮೊದಲಾದರೆ ಎಲ್ಲಿ ನಿಲ್ಲುವುದೆಂದು ಹೇಳಬರುವುದಿಲ್ಲ. ಆಟ ಬೆಳೆದಂತೆ ಆಡುವವರು ತಮ್ಮ ಕೈಯನ್ನು ತಾವೇ ಕಟ್ಟಿಕೊಂಡರು.

ಹುಡುಕುವ ಲೆಕ್ಕ ಸರಳವಾದುದು. ಬಳ್ಳಾರಿ ನಗರವು ಉತ್ತರ ಅಕ್ಷಾಂಶ 15 ಡಿಗ್ರಿಯ ಮೇಲೆ ಎಂಟೊಂಬತ್ತು ಮಿನಿಟುಗಳ ಹತ್ತಿರವಿದೆ. ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರು; ಅದನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎರಡು ಮೀಟರಿಗೂ ಕಡಿಮೆ, ಆಳುದ್ದ. ಆಟಗಾರರು ಮಿನಿಟನ್ನು ದಶಮಾಂಶದ ಮೂರು ಸ್ಥಾನದವರೆಗೆ ಬರೆಯುತ್ತಾರೆ. ಆದರೆ ಕೈಯಲ್ಲಿರುವ ಯಂತ್ರ ಅಷ್ಟು ನಂಬಿಗಸ್ತನಲ್ಲ. ಬಂಡೆಗಳ ನಡುವೆ ಐದು ಹತ್ತು ಮೀಟರು ತಪ್ಪುತ್ತದೆ. ಉಪಗ್ರಹವು ಬಂಡೆಯ ಹತ್ತಿರಕ್ಕೆ ಕರೆತರಬಲ್ಲುದು, ಯಾವ ಸಂದಿಯೆಂದು ಹೇಳಲಾರದು. ಉಳಿದುದು ಕಣ್ಣಿನ ಕೆಲಸ.

ಅಡಗುತಾಣಗಳಲ್ಲಿ ಜಾತಿಗಳುಂಟು. ಹೇಳಿದ ಅಂಕಿಯಲ್ಲಿಯೇ ಡಬ್ಬಿಯಿದ್ದರೆ ಅದು ಸಾಂಪ್ರದಾಯಿಕ. ಒಂದೆಡೆ ಸುಳಿವು, ಅದರಿಂದ ಮತ್ತೊಂದೆಡೆ ಎಂದು ನಡೆಸಿಕೊಂಡು ಹೋಗುವುದು ಬಹುಹಂತದ್ದು. ಅಂಕಿಯನ್ನೇ ಒಗಟಿನಲ್ಲಿ ಮುಚ್ಚಿಟ್ಟದ್ದು ಒಗಟಿನದು. ಒಡೆಯದೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಡಬ್ಬಿಯೊಳಗೆ ಮುದ್ರೆಯೊಂದನ್ನಿಟ್ಟು ಬಂದವರು ತಮ್ಮ ಪುಸ್ತಕದಲ್ಲಿ ಅದನ್ನು ಒತ್ತಿಕೊಳ್ಳುವ ಬಗೆಯೊಂದುಂಟು. ಅದರ ಪೂರ್ವಜ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿದೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಅಲ್ಲಿಯ ಕ್ರಾನ್‌ಮಿಯರ್ ಎಂಬ ದುರ್ಗಮ ಸ್ಥಳದಲ್ಲಿ ಒಂದು ಸೀಸೆಯನ್ನಿಟ್ಟು, ತಲುಪಿದವರು ತಮ್ಮ ಹೆಸರಿನ ಚೀಟಿ ಹಾಕುವಂತೆ ಮಾಡಿದ್ದನಂತೆ.

ನನಗೆ ಹಿಡಿಸಿದ್ದು ಡಬ್ಬಿಯೇ ಇಲ್ಲದ ಬಗೆಗಳು. ಒಂದು ಸ್ಥಳಕ್ಕೆ ಹೋಗಿ, ಅಲ್ಲಿದ್ದುದನ್ನು ಕಣ್ಣಾರೆ ಕಂಡವನು ಮಾತ್ರ ಹೇಳಬಲ್ಲ ಉತ್ತರವನ್ನು ಬರೆದು ಕಳಿಸಿದರೆ ಸಾಕು. 2004ರಿಂದ ಭೂವಿಜ್ಞಾನಕ್ಕೇ ಮೀಸಲಾದ ಒಂದು ಪ್ರಕಾರವೂ ನಡೆದಿದೆ. ಅಲ್ಲಿ ಕಲ್ಲೇ ಪುಸ್ತಕ, ಪ್ರಶ್ನೆಗೆ ಉತ್ತರ ಹೇಳುವುದೇ ರುಜು. ಇದನ್ನು ಕೇಳಿದೊಡನೆ ನನ್ನ ಮನಸ್ಸು ನಮ್ಮ ಸೀಮೆಯ ಮೇಲೆಲ್ಲ ಓಡಾಡಿತು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಗ್ರಂಥವಾಗಿ ಬರೆದ ರಾಬರ್ಟ್ ಬ್ರೂಸ್ ಫೂಟನು ಸುತ್ತಿದ ಬೆಟ್ಟಗಳು ಇವು. ನಗರದ ಅಂಚಿನ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕುಟ್ಟಿ ಕುಟ್ಟಿ ಕುಳಿ ಬೀಳಿಸಿದ ಬಂಡೆಗಳಿವೆ. ತಟ್ಟಿದರೆ ಗಂಟೆಯಂತೆ ನುಡಿಯುತ್ತವೆ. ಹೊಸಪೇಟೆಯ ದಾರಿಯ ಕುಡತಿನಿಯಲ್ಲಿ ಆ ಕಾಲದ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿಯ ದಿಬ್ಬವಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳನ್ನು 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಅಗೆದು ಶೋಧಿಸಿದರು. ಅದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ, ಮಸ್ಕಿಯಲ್ಲಿರುವಂತೆ ಆತನ ಹೆಸರನ್ನೇ ಹೊತ್ತು. ಇಂತಹ ಸ್ಥಳಗಳಲ್ಲಿ ಡಬ್ಬಿ ಇಡಬಾರದು. ಇಡಬೇಕಾದ ಅಗತ್ಯವೂ ಇಲ್ಲ. ಎರಡು ಸಾವಿರ ವರ್ಷಗಳ ಕೆಳಗೆ ಯಾರೋ ನಮಗಾಗಿ ಇಟ್ಟುಹೋದುದು ಅಲ್ಲಿಯೇ ಇದೆ.

ಮೊದಲ ದಿನ ಬಳ್ಳಾರಿಯ ಕೋಟೆಗುಡ್ಡವನ್ನು ಹತ್ತಿದೆವು. ಮೇಲಿನದು ಪಾಳೆಯಗಾರ ಹನುಮಪ್ಪನಾಯಕನ ಕೋಟೆ, ಕೆಳಗಿನದು ಹೈದರಾಲಿಯದು. ಒಳ್ಳೆಯ ಸಂದುಗೊಂದುಗಳು ಬೇಕಾದಷ್ಟಿದ್ದವು. ಆದರೆ ಅದು ರಕ್ಷಿತ ಸ್ಮಾರಕ. ಹುಡುಗ ತಾನೇ ಬೇಡವೆಂದ. ಕೆಳಗಿಳಿದು ರೈಲು ನಿಲ್ದಾಣದ ಹತ್ತಿರ ಬಂದಾಗ, ಇಲ್ಲಿ ಎಲ್ಲರಿಗೂ ಅನುಕೂಲವಲ್ಲವೆ ಎಂದು ನಾನು ಕೇಳಿದೆ. ಅಷ್ಟರಲ್ಲಿ ಒಳಗಿನಿಂದ ಧ್ವನಿವರ್ಧಕ ಕೂಗಿತು: ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬಾರದು, ಪೊಲೀಸರಿಗೆ ತಿಳಿಸಬೇಕು. ಇಬ್ಬರೂ ನಕ್ಕೆವು. ಜನ ಸೇರುವ ಜಾಗ, ಕಚೇರಿ, ಶಾಲೆ, ಸೇತುವೆಗಳ ಬಳಿ ಮುಚ್ಚಿದ ಡಬ್ಬಿ ಆಟದ ಸಾಮಾನಲ್ಲ. ಕಂಡವನ ಎದೆಯೊಡೆಯುವ ಸಾಮಾನು.

ದಾರಿಯುದ್ದಕ್ಕೂ ಅವನು ಮಿಕ್ಕ ಮರ್ಯಾದೆಗಳನ್ನು ಹೇಳುತ್ತ ಬಂದ. ಭೂಮಿಯ ಒಡೆಯನ ಅಪ್ಪಣೆಯಿಲ್ಲದೆ ಇಡಬಾರದು. ಒಂದು ಡಬ್ಬಿಗೂ ಇನ್ನೊಂದಕ್ಕೂ 161 ಮೀಟರು, ಎಂದರೆ ಒಂದು ಮೈಲಿಯ ಹತ್ತನೆಯ ಒಂದು ಪಾಲು, ಅಂತರವಿರಬೇಕು. ಕಂಡವನು ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಬೇಕು. ಏನನ್ನಾದರೂ ತೆಗೆದುಕೊಂಡರೆ ಅದಕ್ಕೆ ಸಮನಾದುದನ್ನೋ ಮಿಗಿಲಾದುದನ್ನೋ ಇಡಬೇಕು. ಇದ್ದ ಹಾಗೆಯೇ, ಇದ್ದ ಜಾಗದಲ್ಲಿಯೇ ಮುಚ್ಚಿಡಬೇಕು. ಸಿಗದಿದ್ದರೆ ಸಿಗಲಿಲ್ಲವೆಂದು ನಾಚದೆ ಬರೆಯಬೇಕು. ಡಬ್ಬಿ ಕಳೆದುಹೋಗಿರಬಹುದೆಂಬುದು ಇಟ್ಟವನಿಗೆ ತಿಳಿಯುವುದು ಹಾಗೆ. ಹೋಗುವಾಗ ದಾರಿಯ ಕಸವನ್ನು ಹೆಕ್ಕಿ ತರುವುದು 2002ರಿಂದ ನಡೆದುಬಂದ ಸತ್ಸಂಪ್ರದಾಯ. ಇವೆಲ್ಲ ಕೇಳಿ, ಇಷ್ಟು ಸಭ್ಯವಾದ ಆಟಕ್ಕೆ ಯಾರ ಅಡ್ಡಿಯೆಂದುಕೊಂಡೆ.

ಮರುದಿನ ಕುರುಗೋಡಿಗೆ ಹೋದೆವು. ದೊಡ್ಡಬಸವೇಶ್ವರನಿಗೆ ಕೈಮುಗಿದೆವು. ಏಕಶಿಲೆಯ ಆ ಬೃಹತ್ ಬಸವನ ಮುಂದೆ ನಿಂತಾಗಲೆಲ್ಲ ನಾನು ಹುಡುಗನಾಗಿಬಿಡುತ್ತೇನೆ. ಬಳಿಕ, ಒಂದು ಕಾಲಕ್ಕೆ ಸಿಂದರು ಆಳಿದ ಆ ಊರಿನಿಂದ ಹೊರಕ್ಕೆ ನಡೆದು, ಬೆಟ್ಟದ ಬುಡದಲ್ಲಿ ಕಲ್ಲುಗುಪ್ಪೆಗಳ ನಡುವೆ ಬಗ್ಗಿ ಬಗ್ಗಿ ನೋಡತೊಡಗಿದೆವು. ಅಪ್ಪಣೆ ಕೇಳಬೇಕಾದುದು ಜಾಗ ಗೊತ್ತಾದ ಮೇಲಲ್ಲವೆ ಎಂಬುದು ನಮ್ಮ ತರ್ಕ. ಹಿಂದಿನಿಂದ ದನಿ ಬಂತು: “ಏನ್ ಹುಡುಕಾಕ ಹತ್ತೀರಿ ಸರ?”

ಹೆಗಲ ಮೇಲೆ ಕಂಬಳಿ ಹೊದೆದ ಮುದುಕ, ಹಿಂದೆ ಕುರಿಗಳು. ಹುಡುಗ ಉತ್ಸಾಹದಿಂದ, “ನಿಧಿ ಹುಡುಕೋ ಆಟ, ಅಜ್ಜ” ಎಂದುಬಿಟ್ಟ. ಮುದುಕನ ಮುಖ ಕಲ್ಲಾಯಿತು. ಅವನು ಕೂಗಿದ ಕೂಗಿಗೆ ಹೊಲಗಳಿಂದ ನಾಲ್ಕಾರು ಮಂದಿ ಬಂದು ನೆರೆದರು. ನನ್ನ ನರೆಗೂದಲನ್ನು ನೋಡಿಯೋ ಏನೋ ಯಾರೂ ಕೈ ಎತ್ತಲಿಲ್ಲ. “ನಿಧಿ ಆಟ ಏನಪಾ? ಬರ್ರಿ ಇಲ್ಲಿ, ಆಟ ಆಡಿದೋರು ಏನ್ ಮಾಡಿ ಹೋಗ್ಯಾರ ನೋಡ್ರಿ” ಎಂದು ಮುದುಕ ನಮ್ಮನ್ನು ಕರೆದೊಯ್ದ.

ಬೇಲಿಯಾಚೆ ಹೆಸರಿಲ್ಲದೊಂದು ಸಣ್ಣ ಗುಡಿ. ನೆಲದ ಚಪ್ಪಡಿಗಳನ್ನು ಮೀಟಿ ಎಬ್ಬಿಸಿದ್ದರು. ಮೊಳಕಾಲುದ್ದದ ಬಸವಣ್ಣ ಮಗ್ಗುಲಾಗಿ ಬಿದ್ದಿದ್ದ. ಅವನಿದ್ದ ಎಡೆಯಲ್ಲಿ ಆಳವಾದ ಕುಣಿ, ಅಂಚಿನಲ್ಲಿ ಒಣಗಿದ ನಿಂಬೆಹಣ್ಣುಗಳು. ಅಮಾವಾಸ್ಯೆಯ ರಾತ್ರಿ ಯಾರೋ ಬಂದಿದ್ದರಂತೆ. ಅವರಿಗೆ ಏನೂ ಸಿಕ್ಕಿರಲಾರದು. ಊರವರಿಗೆ ಹೋದದ್ದು ಬಹಳ.

ನಾನು ಡಬ್ಬಿಯನ್ನು ತೆರೆದು ತೋರಿಸಿದೆ. ಗೋಲಿ, ಬುಗುರಿಗಳನ್ನು ಕಂಡು ಒಬ್ಬಿಬ್ಬರು ನಕ್ಕರು. ನಾವು ತೆಗೆಯಲು ಬಂದವರಲ್ಲ, ಇಟ್ಟುಹೋಗಲು ಬಂದವರು ಎಂದು ವಿವರಿಸಿದೆ. ಮುದುಕ ಬಹಳ ಹೊತ್ತು ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದ: “ಇಟ್ಟು ಹೋಗ್ತೀರಿ, ಸರಿ. ಇಟ್ಟಿದ್ದನ್ನ ಕಾಯೋರು ಯಾರ್ರೀ?”

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ತಲೆ ತಗ್ಗಿಸಿದ. ಊರಿಗೆ ಮರಳುವಾಗ, ಆಟದ ನಿಯಮಗಳಲ್ಲಿ ಇದೂ ಒಂದೆಂದು ಮೆಲ್ಲಗೆ ಹೇಳಿದ. ಪ್ರವಾಸಕ್ಕೆ ಹೋದಲ್ಲೆಲ್ಲ ಡಬ್ಬಿ ಇಟ್ಟು ಬರುವಂತಿಲ್ಲ. ಆಗಾಗ ಬಂದು ನೋಡಿಕೊಳ್ಳಬಲ್ಲವನೇ ಇಡಬೇಕು. ಮುನ್ನೂರು ಕಿಲೋಮೀಟರು ದೂರದ ಬೆಂಗಳೂರಿನಿಂದ ಅವನು ನೋಡಿಕೊಳ್ಳುವುದಾದರೂ ಹೇಗೆ? ಆ ಮುದುಕ ಆಟದ ಹೆಸರು ಕೇಳಿದವನಲ್ಲ. ಆದರೂ ಅದರ ಮರ್ಮವನ್ನು ಒಂದೇ ಮಾತಿನಲ್ಲಿ ಮುಟ್ಟಿದ್ದ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೆಯ ಶಾಸನಗಳ ಪದಗಳು ನೆನಪಾದವು. ವಿಜಯನಗರದ ದಾನಶಾಸನಗಳಲ್ಲಿ ಗ್ರಾಮವನ್ನು ಕೊಡುವಾಗ ಅಷ್ಟಭೋಗಗಳನ್ನು ಹೇಳುತ್ತಾರಷ್ಟೆ. ಅವುಗಳಲ್ಲಿ ಮೊದಲು ನಿಧಿ, ಅನಂತರ ನಿಕ್ಷೇಪ. ಒಂದೇ ಅರ್ಥದ ಎರಡು ಮಾತೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ದಾಟಿಸಿಬಿಟ್ಟಿದ್ದೇನೆ. ಆದರೆ ಧರ್ಮಶಾಸ್ತ್ರಕಾರರು ಹಾಗೆ ದಾಟಲಿಲ್ಲ. ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ತರುವಾಯ ಎರಡನೆಯದಾಗಿ ಹೇಳುವುದು ನಿಕ್ಷೇಪವನ್ನು, ಎಂದರೆ ಇನ್ನೊಬ್ಬರ ಮೇಲಿನ ನಂಬಿಕೆಯಿಂದ ಇಟ್ಟ ವಸ್ತುವನ್ನು. ನಿಧಿಗೆ ಇಟ್ಟವನಾರೆಂದು ತಿಳಿಯದು; ಸಿಕ್ಕವನಿಗೆ ಆಸೆ, ಉಳಿದವರಿಗೆ ಜಗಳ. ಅದಕ್ಕೇ ಬಳ್ಳಾರಿಯು ಮದರಾಸಿನ ಆಡಳಿತದಲ್ಲಿದ್ದ 1878ರಲ್ಲಿಯೇ, ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು ಕಾಯಿದೆ ಬಂದಿತ್ತು. ನಿಕ್ಷೇಪದಲ್ಲಿ ಇಟ್ಟವನೂ ಇದ್ದಾನೆ, ನಂಬಿಕೆಯೂ ಇದೆ, ಹಿಂದಿರುಗಿಸುವ ಋಣವೂ ಇದೆ. ಇಂದು ನಮ್ಮ ಜಿಲ್ಲೆಯಲ್ಲಿ ನಿಕ್ಷೇಪವೆಂದರೆ ಕಬ್ಬಿಣದ ಅದಿರೆಂದೇ ಅರ್ಥ. ಅದನ್ನು ಜನ ನಿಧಿಯೆಂದು ಭಾವಿಸಿ ಬಾಚತೊಡಗಿದಾಗ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಳನ್ನು ನಿಲ್ಲಿಸಬೇಕಾಯಿತು. ಶಬ್ದದ ಅರ್ಥವನ್ನು ಮರೆತುದಕ್ಕೆ ನಾವು ತೆತ್ತ ದಂಡ ಸಣ್ಣದಲ್ಲ.

ಆ ಡಬ್ಬಿಯನ್ನು ಕೊನೆಗೆ ಸಿರುಗುಪ್ಪದ ಹತ್ತಿರ ಇಟ್ಟೆವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಾನೆ. ಅವನಿಗೆ ಎಲ್ಲವನ್ನೂ ಹೇಳಿ, ಅಕ್ಕಪಕ್ಕದ ಹೊಲದವರಿಗೂ ತೋರಿಸಿ, ಪಂಪ್‌ಸೆಟ್ಟಿನ ಮನೆಯ ಹಿಂದಿನ ಬೇವಿನ ಬುಡದಲ್ಲಿ ಕಲ್ಲುಗಳ ಸಂದಿಗೆ ಸೇರಿಸಿದೆವು. ಡಬ್ಬಿಯ ಮೇಲೆ ಇದೇನು, ಯಾರದು ಎಂಬುದನ್ನು ಕನ್ನಡದಲ್ಲಿ ಬರೆದೆ. ಎಲ್ಲಿಯೂ ‘ನಿಧಿ’ ಎಂಬ ಮಾತನ್ನು ಬಳಸಲಿಲ್ಲ. ಕಾಯುವವನು ನಾನೆಂದು ಒಪ್ಪಿಕೊಂಡೆ. ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತೇನೆ. ಪುಸ್ತಕ ಒದ್ದೆಯಾಗಿದೆಯೆ, ಮುಚ್ಚಳ ಬಿಗಿಯಾಗಿದೆಯೆ ಎಂದು ಪರೀಕ್ಷಿಸುವ ಈ ಕೆಲಸದಲ್ಲಿ, ಉತ್ತರಪತ್ರಿಕೆ ತಿದ್ದುವುದರಲ್ಲಿ ಕಾಣದ ಸುಖವಿದೆ.

ಇದುವರೆಗೆ ಹೊರಗಿನಿಂದ ಬಂದವರು ಇಬ್ಬರೇ. ಹೋದ ಸಲ ನೋಡಿದಾಗ ಮೂರನೆಯದೊಂದು ಬರಹವಿತ್ತು. ಹೊಲ ಕಾಯುವವನ ಮಗಳದು, ನಾಲ್ಕನೆಯ ತರಗತಿಯ ಗುಂಡಕ್ಷರ. ‘ನೋಡಿದೆ. ಮುಚ್ಚಿ ಇಟ್ಟೆ’ ಎಂದು ಬರೆದಿದ್ದಳು. ಬುಗುರಿಯನ್ನು ತೆಗೆದುಕೊಂಡು, ಅದರ ಬದಲಿಗೆ ಒಂದು ಹಿಡಿ ಭತ್ತದ ತೆನೆಯನ್ನು ದಾರದಿಂದ ಕಟ್ಟಿ ಇಟ್ಟಿದ್ದಳು. ತಿನ್ನುವ ಪದಾರ್ಥ ಇರಕೂಡದೆಂಬುದು ನಿಯಮ; ಇಲಿಗಳು ಬಿಡುವುದಿಲ್ಲ. ತೆನೆಯನ್ನು ಹೊರತೆಗೆದು, ತೆಗೆದೆನೆಂದು ಪುಸ್ತಕದಲ್ಲಿ ಬರೆದು, ಜೇಬಿನಲ್ಲಿದ್ದ ಹೊಸ ಪೆನ್ಸಿಲನ್ನು ಅಲ್ಲಿಟ್ಟು ಬಂದೆ. ತೆನೆ ಈಗ ನಮ್ಮ ಮನೆಯ ಬಾಗಿಲಿನ ಮೇಲೆ ತೂಗುತ್ತಿದೆ. ಅದಕ್ಕೆ ಪೆನ್ಸಿಲು ಸಮವಾಯಿತೇ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ. ಮುಂದಿನ ಸಲ ಇನ್ನೊಂದು ಬುಗುರಿಯನ್ನೂ ಒಯ್ಯಬೇಕೆಂದಿದ್ದೇನೆ.