ಮಂಜುಗಡ್ಡೆಯಡಿ ಸತ್ತ ಹುಲ್ಲಿನ ಜಾಗದಲ್ಲಿ

2013ರ ಡಿಸೆಂಬರ್ ಕೊನೆಯಲ್ಲಿ ಕೆನಡಾದ ಟೊರಾಂಟೊ ಸುತ್ತಮುತ್ತ ಸುರಿದ ಮಳೆ ನೆಲ ಮುಟ್ಟಿದೊಡನೆ ಹೆಪ್ಪುಗಟ್ಟಿತು. ಕೊಂಬೆಗಳು ಭಾರಕ್ಕೆ ಮುರಿದುಬಿದ್ದವು, ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ಇನ್ನೊಂದು ಹಾನಿ ಕಣ್ಣಿಗೆ ಬಿದ್ದದ್ದು ಮರುವರ್ಷದ ವಸಂತದಲ್ಲಿ. ಆ ಭಾಗದ ಹಲವು ಗಾಲ್ಫ್ ಮೈದಾನಗಳ ಗ್ರೀನ್‌ಗಳು, ಅಂದರೆ ಚೆಂಡು ಬೀಳುವ ಕುಳಿಯ ಸುತ್ತ ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ ಹುಲ್ಲುಹಾಸುಗಳು, ಕಂದು ಬಣ್ಣಕ್ಕೆ ತಿರುಗಿದ್ದವು.

ಸಡಿಲವಾದ ಹಿಮ ಹುಲ್ಲಿಗೆ ಕಂಬಳಿ. ಕೊಲ್ಲುವುದು ಗಟ್ಟಿ ಮಂಜುಗಡ್ಡೆ. ಹುಲ್ಲಿನ ಜೀವವಿರುವುದು ಬುಡದಲ್ಲಿ, ಬೇರೂ ಎಲೆಯೂ ಹೊರಡುವ ಪುಟ್ಟ ಗಂಟಿನಲ್ಲಿ. ಚಳಿಗಾಲದಲ್ಲೂ ಅದು ಮೆಲ್ಲಗೆ ಉಸಿರಾಡುತ್ತಿರುತ್ತದೆ. ಮೇಲೆ ಗಡ್ಡೆ ಮುಚ್ಚಿಕೊಂಡರೆ ಆಮ್ಲಜನಕ ಮುಗಿಯುತ್ತದೆ, ವಿಷಕಾರಿ ಅನಿಲಗಳು ಒಳಗೇ ಉಳಿಯುತ್ತವೆ. ಗಡ್ಡೆ ಒಡೆದಾಗ ಮೂಗಿಗೆ ಹೊಡೆಯುವ ಕೊಳೆತ ವಾಸನೆಯೇ ಮೈದಾನದ ಮೇಲ್ವಿಚಾರಕರಿಗೆ ಮೊದಲ ಕೆಟ್ಟ ಸುದ್ದಿ. ಚಳಿಗಾಲದ ಕೊನೆಯ ಬಿಸಿಲೂ ಅಪಾಯವೇ. ಕರಗಿದ ನೀರನ್ನು ಹೀರಿ ಉಬ್ಬಿದ ಬುಡ, ಅದೇ ರಾತ್ರಿ ತಾಪ ಕುಸಿದರೆ ಒಳಗೇ ಹೆಪ್ಪುಗಟ್ಟಿ ಹರಿದುಹೋಗುತ್ತದೆ.

ಎಲ್ಲ ಹುಲ್ಲೂ ಒಂದೇ ಸಮನೆ ಸಾಯುವುದಿಲ್ಲ. ಹಳೆಯ ಗ್ರೀನ್‌ಗಳಲ್ಲಿ ತಾನಾಗಿ ಬಂದು ಸೇರಿಕೊಳ್ಳುವ ಪೋವಾ ಆನ್ಯುವಾ ಗಡ್ಡೆಯಡಿ ಸುಮಾರು ಎರಡು ತಿಂಗಳಲ್ಲಿ ಸೋಲುತ್ತದೆ. ಕ್ರೀಪಿಂಗ್ ಬೆಂಟ್‌ಗ್ರಾಸ್ ಮೂರರಿಂದ ನಾಲ್ಕು ತಿಂಗಳು ತಡೆಯಬಲ್ಲದು. ಜೊತೆಗೆ ಇದು ನಮ್ಮ ಗರಿಕೆಯಂತೆ ನೆಲದ ಮೇಲೆ ಬಳ್ಳಿ ಚಾಚಿ ಖಾಲಿ ಜಾಗ ತುಂಬಿಕೊಳ್ಳುತ್ತದೆ. ಆದ್ದರಿಂದ ಸತ್ತ ಗ್ರೀನ್ ಒಂದು ಅವಕಾಶವೂ ಹೌದು: ಬಿತ್ತಬೇಕಾದದ್ದು ಬೆಂಟ್‌ಗ್ರಾಸನ್ನೇ.

ಬಿತ್ತುವ ಮೊದಲು ಸತ್ತದ್ದೆಷ್ಟು ಎಂದು ತಿಳಿಯಬೇಕು. ಚಳಿಗಾಲ ಮುಗಿಯುವ ಮುನ್ನವೇ ಗ್ರೀನಿನಿಂದ ಮಣ್ಣುಸಮೇತ ಹುಲ್ಲಿನ ತುಂಡುಗಳನ್ನು ಕೊರೆದು ತಂದು, ಬೆಚ್ಚಗಿನ ಕೋಣೆಯಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಇಡುತ್ತಾರೆ. ಎರಡು ವಾರದೊಳಗೆ ಚಿಗುರಿದರೆ ಬದುಕಿದೆ ಎಂದರ್ಥ.

ಬೆಂಟ್‌ಗ್ರಾಸ್ ಬೀಜ ಎಷ್ಟು ಸಣ್ಣದೆಂದರೆ ಒಂದು ಕಿಲೋದಲ್ಲಿ ಒಂದು ಕೋಟಿಗೂ ಹೆಚ್ಚು ಕಾಳುಗಳಿರುತ್ತವೆ. ಮೇಲೆ ಚೆಲ್ಲಿದರೆ ಸತ್ತ ಹುಲ್ಲಿನ ಪದರದಲ್ಲೇ ಸಿಕ್ಕಿ ಒಣಗುತ್ತವೆ. ಹಾಗಾಗಿ ಯಂತ್ರದಿಂದ ನೆಲದಲ್ಲಿ ಸಣ್ಣ ತೂತು ಅಥವಾ ಸೀಳು ಮಾಡಿ, ಬೀಜ ಮಣ್ಣಿಗೆ ತಾಗುವಂತೆ ಬಿತ್ತಿ, ತೆಳುವಾಗಿ ಮರಳು ಹರಡುತ್ತಾರೆ. ರಂಜಕವಿರುವ ಗೊಬ್ಬರ ಕೊಟ್ಟು, ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪವೇ ನೀರು ಚಿಮುಕಿಸುತ್ತಾರೆ.

ಇಷ್ಟಾದರೂ ಮಣ್ಣು ಬೆಚ್ಚಗಾಗದೆ ಬೀಜ ಏಳದು. ತಾಪ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದು ಸುಮ್ಮನೆ ಮಲಗಿರುತ್ತದೆ; 15 ದಾಟಿದರೆ ಚುರುಕಾಗುತ್ತದೆ. ಗಾಳಿಯಾಡುವ ಹೊದಿಕೆ ಹಾಸಿ ನೆಲವನ್ನು ಬೆಚ್ಚಗಿಡುವುದು ಇದಕ್ಕೇ. ಅಷ್ಟರಲ್ಲಿ ಮಣ್ಣಿನಲ್ಲಿ ಅಡಗಿದ್ದ ಪೋವಾ ಬೀಜಗಳೂ ಮೊಳೆತು ಪೈಪೋಟಿಗಿಳಿಯುತ್ತವೆ.

ಆಟಗಾರರ ಒತ್ತಾಯಕ್ಕೆ ಮಣಿದು ಗ್ರೀನನ್ನು ಬೇಗ ತೆರೆಯುವಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ಎಳೆ ಸಸಿಗಳು ಬೂಟಿನಡಿ ನಲುಗಿದರೆ ವಾರಗಳ ಕೆಲಸ ಮಣ್ಣುಪಾಲು. ಪಕ್ಕದಲ್ಲಿ ತಾತ್ಕಾಲಿಕ ಗ್ರೀನ್ ಮಾಡಿಕೊಟ್ಟು, ಹೊಸ ಹುಲ್ಲನ್ನು ಮೊದಮೊದಲು ಎತ್ತರಕ್ಕೇ ಕತ್ತರಿಸಿ, ನಿಧಾನವಾಗಿ ತಗ್ಗಿಸುತ್ತಾ ಬರಬೇಕು. ನೀರು ನಿಲ್ಲುವ ತಗ್ಗುಗಳಿಗೆ ಬಸಿಗಾಲುವೆ ತೋಡಿ, ನೆರಳು ಕವಿಸುವ ಮರಗಳನ್ನು ಸವರುವ ಕೆಲಸ ಮುಂದಿನ ಚಳಿಗಾಲಕ್ಕೆ ಮೊದಲೇ ಮುಗಿಯಬೇಕು. ಇಲ್ಲದಿದ್ದರೆ ಬೆಂಟ್‌ಗ್ರಾಸ್ ಸೊರಗಿ, ಅದೇ ಜಾಗಕ್ಕೆ ಪೋವಾ ಮರಳಿ ಬರುತ್ತದೆ.