ಬ್ರೆಡ್ ಕದ್ದಿದ್ದು ಯಾರು?

ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936) ನೋಡಿದ್ದೀರಾ? ಹಸಿದ ಹುಡುಗಿಯೊಬ್ಬಳು ಬ್ರೆಡ್ ಕದ್ದು ಓಡ್ತಾಳೆ, ಚಾಪ್ಲಿನ್‌ಗೆ ಡಿಕ್ಕಿ ಹೊಡೀತಾಳೆ. ಪೊಲೀಸ್ ಬಂದಾಗ ಚಾಪ್ಲಿನ್ ‘ಕದ್ದಿದ್ದು ನಾನು’ ಅಂತಾನೆ. ಕಣ್ಣಾರೆ ಕಂಡ ಹೆಂಗಸು ಬಿಡಬೇಕಲ್ಲ! ‘ಅವನಲ್ಲ, ಆ ಹುಡುಗಿ’ ಅಂತ ಹೇಳೇಬಿಡ್ತಾಳೆ.

1980ರ ದಶಕದಲ್ಲಿ ವೋಲ್ಫ್‌ಗಾಂಗ್ ಕ್ಲೈನ್, ಕ್ಲೈವ್ ಪರ್ಡ್ಯೂ ಮತ್ತವರ ಸಂಗಡಿಗರು ಯುರೋಪಿನ ಐದು ದೇಶಗಳಲ್ಲಿ ವಲಸಿಗರಿಗೆ ಈ ಸಿನಿಮಾದ ತುಣುಕು ತೋರಿಸಿ ಕಥೆ ಹೇಳಿಸಿದರು. ಇಂಗ್ಲೆಂಡಿನಲ್ಲಿ ನಮ್ಮ ಪಂಜಾಬಿ ಮಾತಾಡುವವರೂ ಇದ್ದರು. ಫ್ರಾನ್ಸ್‌ನಲ್ಲಿದ್ದವರಲ್ಲಿ ಮೊರಾಕೊದ ಅರಬ್ಬಿ ಭಾಷಿಕರು ಒಂದು ಗುಂಪು. ಹೆಚ್ಚಿನವರು ಫ್ರೆಂಚ್ ಕಲಿತದ್ದು ಕ್ಲಾಸಿನಲ್ಲಲ್ಲ, ಕೆಲಸದ ಜಾಗದಲ್ಲಿ, ಅಂಗಡಿಯಲ್ಲಿ, ಸರ್ಕಾರಿ ಕಚೇರಿಯ ಕೌಂಟರಿನಲ್ಲಿ. ಅಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳೋಕೆ ಬರದಿದ್ದರೆ ಅರ್ಜಿಯೇ ಮುಂದೆ ಹೋಗಲ್ಲ.

ಅರಬ್ಬಿಯಲ್ಲಿ ಕ್ರಿಯಾಪದವೇ ‘ಯಾರು, ಯಾವಾಗ’ ಎರಡನ್ನೂ ಹೇಳುತ್ತೆ, ನಮ್ಮ ‘ಬಂದಳು’ ಥರ. ಫ್ರೆಂಚಿನಲ್ಲಿ ಕಿವಿಗೆ ಅಷ್ಟು ಸುಳಿವು ಸಿಗಲ್ಲ. ‘ಪಾರ್ಲೇ’ (ಬಿಸ್ಕೆಟ್ ಅಲ್ಲ, ‘ಮಾತಾಡು’!) ಅನ್ನೋ ಒಂದೇ ಸದ್ದಿಗೆ ಮೂರ್ನಾಲ್ಕು ವ್ಯಾಕರಣ ರೂಪ. ಹಾಗಾಗಿ ಕಲಿಯುವವರು ಶುರುವಿನಲ್ಲಿ ಪ್ರತ್ಯಯದ ಗೊಡವೆಗೇ ಹೋಗಲ್ಲ. ನಡೆದ ಕ್ರಮದಲ್ಲೇ ಕಥೆ ಹೇಳ್ತಾರೆ, ನಡುವೆ ‘ಆಪ್ರೆ’, ಅಂದರೆ ‘ಆಮೇಲೆ’, ಸೇರಿಸ್ತಾರೆ. ಕಾಲ ಸೂಚಿಸೋಕೆ ‘ನಿನ್ನೆ’, ‘ಮುಂಚೆ’ ಇದ್ದೇ ಇವೆ. ವಾಕ್ಯಕ್ಕೂ ಸರಳ ನಿಯಮ: ಕೆಲಸ ಮಾಡಿದವರು ಮೊದಲು, ಹೊಸ ವಿಷಯ ಕೊನೆಗೆ. ಇದು ಅರಬ್ಬಿಯೂ ಅಲ್ಲ, ಫ್ರೆಂಚೂ ಅಲ್ಲ. ಬೇರೆ ಬೇರೆ ಭಾಷೆಯವರಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಕಂಡಿತು. ಇದನ್ನು ಬರೀ ತಪ್ಪು ಫ್ರೆಂಚ್ ಅನ್ನೋದು ಅನ್ಯಾಯ.

ಆದರೆ ಆ ಹೆಂಗಸಿನ ಮಾತು ಬಂದಾಗ ಈ ವ್ಯವಸ್ಥೆ ಸಿಕ್ಕಿಹಾಕಿಕೊಳ್ಳುತ್ತೆ. ಹುಡುಗಿ ಕದ್ದವಳು, ಹಾಗಾಗಿ ಮೊದಲು ಬರಬೇಕು. ಅವಳೇ ಹೊಸ ವಿಷಯ, ಹಾಗಾಗಿ ಕೊನೆಗೂ ಬರಬೇಕು! ಕನ್ನಡದಲ್ಲಿ ನಾವು ‘ಕದ್ದಿದ್ದು’ ಅಂತ ತಿರುಗಿಸಿ ‘ಹುಡುಗಿ’ಯನ್ನು ಆರಾಮಾಗಿ ಕೊನೆಗೆ ತರ್ತೀವಿ. ಫ್ರೆಂಚ್ ಅವಳನ್ನು ಮುಂದೆಯೇ ಇಟ್ಟು, ‘ಸೆ’ ಅಂತ ಗುರುತು ಹಾಕುತ್ತೆ: ‘ಸೆ ಲಾ ಫೀಯ್’, ಅಂದರೆ ‘ಹುಡುಗಿಯೇ’. ಕಲಿಯುವವರು ಹಿಡಿದದ್ದು ಇದನ್ನೇ. ಅದರ ಹಿಂದೆ ಬರಬೇಕಾದ ‘ಕೀ’ ಮೊದಮೊದಲು ಬಿಟ್ಟುಹೋಗುತ್ತೆ, ಆದರೂ ಕಳ್ಳಿ ಯಾರು ಅನ್ನೋದು ಸ್ಪಷ್ಟ. ಕೆಲವರು ಅಲ್ಲಿಂದ ಮುಂದೆ ಹೋಗಿ ‘ಕೀ’, ಭೂತಕಾಲ ಎಲ್ಲ ಕಲಿತರು. ಇನ್ನು ಕೆಲವರು ಇಷ್ಟರಲ್ಲೇ ದಿನನಿತ್ಯದ ವ್ಯವಹಾರ ಸಾಗಿಸಿಕೊಂಡು ವರ್ಷಗಟ್ಟಲೆ ಅಲ್ಲೇ ಉಳಿದರು.