ಎರಿ ಹೊಲದ ಕಲ್ಲು, ಊರೊಳಗಿನ ಮಾಳಿಗೆ

ಕುಂದಗೋಳದ ಹೊರಗಿನ ಆ ಎರಿ ಹೊಲದಲ್ಲಿ ಒಂದು ಕಾಲಕ್ಕೆ ಮೆಣಸಿನಕಾಯಿ ಬೆಳೆಯುತ್ತಿತ್ತು. ಈಗ ಮೊಳಕಾಲೆತ್ತರದ ಕಲ್ಲುಗಳು ಸುಣ್ಣ ಬಳಿದುಕೊಂಡು ಸಾಲಾಗಿ ನಿಂತಿವೆ. ಮೇ ತಿಂಗಳ ಬಿಸಿಲು. ತಂಗಿ, ಅವಳ ಗಂಡ, ನಾನು, ನಾವೇ ಕರೆತಂದಿದ್ದ ಮುದಿ ಗೌಂಡಿ. ಎಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆ ದಲ್ಲಾಳಿ.

"ಎನ್‌.ಎ. ಆಗೇತ್ರಿ ಸರ. ಹುಬ್ಬಳ್ಳಿಗಿ ತಾಸಿನ ಹಾದೀನೂ ಇಲ್ಲ. ದೀಪಾವಳಿ ಅನ್ನೂದ್ರಾಗ ಈ ರೇಟ್ ಇರಂಗಿಲ್ಲ ನೋಡ್ರಿ."

ಹುಬ್ಬಳ್ಳಿಯ ಬಾಡಿಗೆ ಮನೆಗಳಲ್ಲಿ ಒಂಬತ್ತು ವರ್ಷ ಕಳೆದ ತಂಗಿಗೆ ಅಲ್ಲಿ ಸ್ವಂತದ್ದು ಎಟುಕಲಿಲ್ಲ. ಅದಕ್ಕೇ ಇತ್ತ ಬಂದದ್ದು. ಬಂದು ನೋಡಿದರೆ ಹುಬ್ಬಳ್ಳಿಯ ರೇಟು ನಮಗಿಂತ ಮೊದಲೇ ಬಂದು ಕೂತಿದೆ. ರೈತ ಮಾರುವಾಗ ಎಕರೆಯ ಲೆಕ್ಕ, ನಾಲ್ವತ್ತು ಗುಂಟೆ. ಕಲ್ಲು ನೆಟ್ಟ ಮೇಲೆ ಚದರಡಿಯ ಲೆಕ್ಕ, ಗುಂಟೆಗೆ 1,089. ಮಣ್ಣು ಅದೇ. ಇಡೀ ಬಡಾವಣೆಯಲ್ಲಿ ಮನೆ ಎದ್ದಿರುವುದು ಎರಡೇ. ಉಳಿದ ಜಾಗ ಕೊಂಡವರು ರೇಟು ಏರಲೆಂದು ಕಾದಿದ್ದಾರೆ. ಇರಲು ಮನೆ ಬೇಕಾದವರು ಬಿಸಿಲಲ್ಲಿ ನಿಂತಿದ್ದೇವೆ. ನನಗೆ ಸಂಕಟವಾದದ್ದು ಅಲ್ಲಿ.

ಗೌಂಡಿ ಮಾತಾಡಲಿಲ್ಲ. ಬದುವಿನ ಮೇಲೆ ಬಿದ್ದಿದ್ದ ಒಣ ಜೋಳದ ದಂಟೊಂದನ್ನು ಎತ್ತಿ, ನೆಲ ಬಾಯಿ ಬಿಟ್ಟಲ್ಲಿ ಇಳಿಬಿಟ್ಟ. ಗೇಣು, ಮೊಳ, ಎರಡು ಮೊಳ. ಅಂಚಿನ ಮಣ್ಣು ಪುಡಿಪುಡಿಯಾಗಿ ಒಳಗೆ ಉದುರಿತು. ದಂಟಿನ ತುದಿಯಷ್ಟೇ ಮೇಲುಳಿಯಿತು.

"ಬ್ಯಾಸಿಗ್ಯಾಗ ಹಿಂಗ ಸೀಳತೈತ್ರಿ, ಮಳಿ ಬಂತಂದ್ರ ಉಬ್ಬತೈತಿ. ಗ್ವಾಡಿ ತಡಿಯಂಗಿಲ್ಲ. ಗರಸು ಹತ್ತೂತನಕ ತೋಡಬೇಕು. ಮನಿ ಏಳೂಕಿಂತ ಮೊದಲ ರೊಕ್ಕ ನೆಲದಾಗ ಹೋಗತೈತಿ."

ದಲ್ಲಾಳಿಯ ರೇಟಿನಲ್ಲಿ ಈ ಆಳದ ಲೆಕ್ಕ ಇರಲಿಲ್ಲ.

ಮಧ್ಯಾಹ್ನ ಊರೊಳಗೆ ಹೋದೆವು. ಸವಾಯಿ ಗಂಧರ್ವರ ನೆನಪಿಗೆ ಸಂಗೀತ ನಡೆಯುವ ನಾಡಿಗೇರ ವಾಡೆಯನ್ನು ದಾಟಿ ಓಣಿಯೊಳಗೆ ತಿರುಗಿದರೆ ಒಂದು ಮಣ್ಣಿನ ಮಾಳಿಗೆ ಮನೆ. ಬಗ್ಗಿಯೇ ಒಳಗೆ ಹೋಗಬೇಕು. ಬೆಳಕಿಂಡಿಯಿಂದ ರೊಟ್ಟಿಯಗಲದ ಬಿಸಿಲು ಪಡಸಾಲೆಗೆ ಬಿದ್ದಿತ್ತು. ಮೇಲೆ ಹೊಗೆ ಕುಡಿದು ಕಪ್ಪಾದ ತೊಲೆ, ಜಂತಿ. ದನ ಕಟ್ಟುತ್ತಿದ್ದ ಗ್ವಾದಲಿಯ ಅಂಚು ದನಗಳ ಕೊರಳು ತಿಕ್ಕಿ ತಿಕ್ಕಿ ನುಣುಪಾಗಿದೆ. ಕಾಳು ತುಂಬುತ್ತಿದ್ದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿದ್ದಾರೆ. 2019ರ ಆಗಸ್ಟ್ ಮಳೆಗೆ ಕುಸಿದ ಹಿತ್ತಲ ಗೋಡೆ ಇನ್ನೂ ಗುಡ್ಡೆಯಾಗಿಯೇ ಬಿದ್ದಿದೆ. ಮಾಳಿಗೆಯ ಮೇಲೆ ಹುಲ್ಲು ಕಿತ್ತು ಕರಲ ಮಣ್ಣು ಹಾಕುವವರಿಲ್ಲದೆ ನೀರು ಇಳಿದದ್ದು, ಅಷ್ಟೇ. ತಪ್ಪು ಮಣ್ಣಿನದಲ್ಲ.

"ಇದರಾಗೇನ ಐತ್ರಿ, ಬರೇ ಜಾಗದ ರೇಟು" ಎಂದ ದಲ್ಲಾಳಿ, ಹೊಸ್ತಿಲಾಚೆಯೇ ನಿಂತು. ಉತಾರದಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರು. ಮೂವರು ಸಹಿಗೆ ಒಪ್ಪಿದ್ದಾರೆ, ಸಣ್ಣವ ಪುಣೆಯಲ್ಲಿದ್ದಾನೆ.

ಗೌಂಡಿ ಅಂಗೈಯಿಂದ ಗೋಡೆ ತಟ್ಟುತ್ತ ಮೂಲೆಮೂಲೆ ನೋಡಿ ಬಂದ. ಮೊಳಕ್ಕೂ ಮಿಕ್ಕಿದ ದಪ್ಪ. "ಹಿರೇರು ಗಟ್ಟಿ ನೆಲಾ ನೋಡೇ ಕಟ್ಯಾರ. ಹಿಂದಿನ ಗ್ವಾಡಿ ಎಬ್ಬಸೂಣು, ಮಾಳಿಗಿ ತಗದು ಹಾಕೂಣು" ಎಂದ. ತಂಗಿಯ ಗಂಡ ಮೊಬೈಲಿನಲ್ಲಿ ಮತ್ತೆ ಲೆಕ್ಕ ಹಾಕತೊಡಗಿದ.

ಪಕ್ಕದ ಮನೆಯ ಮುದುಕಿ ತಂಬಿಗೆಯಲ್ಲಿ ನೀರು, ಒಂದು ತುಂಡು ಬೆಲ್ಲ ತಂದಿಟ್ಟು, "ನೀವು ಯಾರ ಪೈಕಿಯವ್ವಾ?" ಅಂದಳು. ತಂಗಿ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಯಮ್ಮಾ, ಪುಣೇದಾಗಿನ ಸಣ್ಣವರ ನಂಬರ್ ಐತೇನ್ರಿ ನಿಮ್ಮ ಹಂತೇಕ?"